‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’: ಫೋನ್ ಕೈಯಲ್ಲಿರುವಾಗ ಇದೆಲ್ಲ ಯಾಕೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯವಳು. ಕಲಬುರಗಿಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಸಸ್ಯಶಾಸ್ತ್ರದ ರೆಕಾರ್ಡ್ ಬುಕ್ಕಿನಲ್ಲಿ ತೊಗರಿ ಹೂವನ್ನು ಚೆನ್ನಾಗಿ ಶೇಡಿಂಗ್ ಕೊಟ್ಟು ಬಿಡಿಸಿದ್ದೆ. ನಮ್ಮ ಸರ್ ಅದರ ಮೇಲೆ ಕೆಂಪು ಗೀಟು ಎಳೆದು ‘ಶೇಡಿಂಗ್ ಬೇಡ, ಮತ್ತೆ ಬಿಡಿಸು’ ಅಂದರು. ಫೋನಿನಲ್ಲಿ ಒಳ್ಳೆ ಕ್ಯಾಮೆರಾ ಇದೆ. ಫೋಟೊ ತೆಗೆದು ಅಂಟಿಸಿದರೆ ಸಾಲದಾ? ಈ ನಿಯಮ ಎಲ್ಲಿಂದ ಬಂತು? ನಮ್ಮ ಭಾಗಕ್ಕೂ ಈ ಥರದ ಚಿತ್ರಗಳಿಗೂ ಏನಾದರೂ ಸಂಬಂಧ ಇದೆಯಾ?

ಉತ್ತರ: ನಮ್ಮ ಕಡೆ ಚಿತ್ರವನ್ನೂ ‘ತೆಗೆಯುತ್ತೇವೆ’, ಫೋಟೊನೂ ‘ತೆಗೆಯುತ್ತೇವೆ’. ಮಾತು ಒಂದೇ ಆದ್ದರಿಂದ ಕೆಲಸವೂ ಒಂದೇ ಅನಿಸಿಬಿಡುತ್ತದೆ. ಆದರೆ ಫೋಟೊ ತೋರಿಸುವುದು ನೀವು ಕಿತ್ತು ತಂದ ಆ ಒಂದು ಹೂವನ್ನು. ಅದರ ಹರಿದ ಎಸಳು, ಅದರ ಮೇಲೆ ಕೂತ ಧೂಳು, ಆವತ್ತಿನ ಬಿಸಿಲು, ಎಲ್ಲವೂ ಅದರಲ್ಲಿ ಬರುತ್ತವೆ. ರೆಕಾರ್ಡ್ ಬುಕ್ಕಿನ ಚಿತ್ರ ಹೇಳಬೇಕಾದದ್ದು ಬೇರೆ. ‘ತೊಗರಿ ಹೂವು ಅಂದರೆ ಹೀಗಿರುತ್ತದೆ’ ಅಂತ ಅದು ಹೇಳಬೇಕು. ಅಂದರೆ ಅದು ನೀವು ಗೆರೆಯಲ್ಲಿ ಕೊಡುವ ಹೇಳಿಕೆ. ಹತ್ತು ಹೂವು ನೋಡಿದ ಮೇಲೆ ಕೊಡುವ ಹೇಳಿಕೆ. ಇಷ್ಟು ದೂರ ಬರಲು ಜಗತ್ತಿಗೆ ತುಂಬಾ ಕಾಲ ಹಿಡಿಯಿತು. ಆ ಕಥೆಯಲ್ಲಿ ನಮ್ಮ ಆಳಂದ, ಬೀದರ್, ಜೇವರ್ಗಿ ಕೂಡ ಬರುತ್ತವೆ. ಆಳಂದದಿಂದಲೇ ಶುರು ಮಾಡುತ್ತೇನೆ.

ಸುಮಾರು 1470ರ ಹೊತ್ತಿಗೆ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಬೀದರಿಗೆ ಬಂದಿದ್ದ. ಆಗ ಬೀದರ್ ಬಹಮನಿ ಸುಲ್ತಾನರ ರಾಜಧಾನಿ. ಕುದುರೆ ಮಾರುವುದು ಅವನ ಉದ್ದೇಶವಾಗಿತ್ತು. ಅವನು ಬರೆದಿಟ್ಟ ಟಿಪ್ಪಣಿಯಲ್ಲಿ ಆಳಂದದ ಜಾತ್ರೆಯ ಮಾತು ಬರುತ್ತದೆ. ಅದರ ಜೊತೆಗೇ ಅಲ್ಲಿನ ಒಂದು ಹಕ್ಕಿಯ ಮಾತೂ ಬರುತ್ತದೆ. ಹಕ್ಕಿಯ ಹೆಸರು ‘ಗುಕುಕ್’. ರಾತ್ರಿ ಹಾರುತ್ತದೆ, ‘ಗುಕುಕ್’ ಅಂತ ಕೂಗುತ್ತದೆ. ಯಾವ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವಾಗುತ್ತದೆ. ಯಾರಾದರೂ ಕೊಲ್ಲಲು ಹೋದರೆ ಅದರ ಬಾಯಿಂದ ಬೆಂಕಿ ಬರುತ್ತದೆ. ಇಷ್ಟು ಅವನು ಬರೆದದ್ದು.

ಓದಿದ ತಕ್ಷಣ ನನಗೆ ಅದು ಗೂಬೆ ಅನಿಸಿತು. ನಿಮಗೂ ಅನಿಸಿರಬೇಕು. ಗೂಬೆ ಮಾಳಿಗೆ ಮೇಲೆ ಕುಂತು ಕೂಗಿದರೆ ಕೆಟ್ಟದ್ದು ಅನ್ನುವ ಮಾತನ್ನು ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳುತ್ತೇವೆ. ಜನ ಹೇಳಿದ್ದನ್ನು ನಿಕಿತಿನ್ ನಂಬಿಕೆಯಿಟ್ಟು ಬರೆದುಕೊಂಡ. ಆದರೆ ಚಿತ್ರ ಇಲ್ಲ. ಬರೀ ಮಾತಿದ್ದರೆ ಆಳಂದದ ಗೂಬೆ ರಷ್ಯಾ ತಲುಪುವಷ್ಟರಲ್ಲಿ ಬೆಂಕಿ ಉಗುಳುವ ಹಕ್ಕಿ ಆಗುತ್ತದೆ. ಅದು ಯಾವ ಜಾತಿಯ ಗೂಬೆ ಅಂತ ಇವತ್ತು ಯಾರೂ ಖಚಿತವಾಗಿ ಹೇಳುವಂತಿಲ್ಲ. ಕಿವಿಯಂತೆ ಎದ್ದು ನಿಂತ ಗರಿ ಇತ್ತಾ? ಕಣ್ಣು ಹಳದಿಯಾ, ಕಪ್ಪಾ? ಎರಡು ಗೆರೆ ಎಳೆದಿದ್ದರೂ ಗೊತ್ತಾಗುತ್ತಿತ್ತು.

ಹಾಗಂತ ಚಿತ್ರ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಇದಾಗಿ ನಲವತ್ತೈದು ವರ್ಷಕ್ಕೆ, 1515ರಲ್ಲಿ, ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಷಾ ಪೋರ್ಚುಗೀಸರಿಗೆ ಕೊಟ್ಟಿದ್ದ ಒಂದು ಘೇಂಡಾಮೃಗ ಗೋವಾದಿಂದ ಹಡಗಿನಲ್ಲಿ ಲಿಸ್ಬನ್ನಿಗೆ ಹೋಯಿತು. ಯುರೋಪಿನ ಜನ ಅಂಥ ಪ್ರಾಣಿಯನ್ನು ಕಂಡು ನೂರಾರು ವರ್ಷ ಆಗಿತ್ತು. ಅದನ್ನು ನೋಡಿದ ಯಾರೋ ಒಂದು ಕಾಗದ ಬರೆದು, ಜೊತೆಗೆ ಒಂದು ಸಣ್ಣ ರೇಖಾಚಿತ್ರ ಕಳಿಸಿದರು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಕೂತಿದ್ದ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಅಷ್ಟನ್ನೇ ಆಧಾರ ಮಾಡಿಕೊಂಡು ಮರದ ಅಚ್ಚಿನಲ್ಲಿ ಘೇಂಡಾಮೃಗದ ಚಿತ್ರ ಮಾಡಿದರು. ಅವರು ಪ್ರಾಣಿಯನ್ನು ಕಣ್ಣಾರೆ ನೋಡಲೇ ಇಲ್ಲ. ಚರ್ಮದ ಮಡಿಕೆಗಳು ಅವರ ಕೈಯಲ್ಲಿ ಕಬ್ಬಿಣದ ಕವಚವಾದವು. ಬೆನ್ನಿನ ಮೇಲೆ ಇನ್ನೊಂದು ಪುಟ್ಟ ಕೊಂಬು ಹುಟ್ಟಿಕೊಂಡಿತು. ಡ್ಯೂರರ್ ಎಷ್ಟು ದೊಡ್ಡ ಕಲಾವಿದರು ಅಂದರೆ, ಆ ಚಿತ್ರವನ್ನು ನೋಡಿದ ಯಾರಿಗೂ ಸಂಶಯ ಬರುವುದಿಲ್ಲ. ಎರಡು ಶತಮಾನಕ್ಕೂ ಜಾಸ್ತಿ ಕಾಲ ಪುಸ್ತಕಗಳು ಆ ಬೆನ್ನುಕೊಂಬನ್ನು ಹಾಗೇ ನಕಲು ಮಾಡಿದವು. ಕೈ ಎಷ್ಟೇ ನುರಿತಿರಲಿ, ಕಣ್ಣು ಹೋಗಿ ನೋಡಿರಬೇಕು. ನಿಮ್ಮ ಸರ್ ಹೂವನ್ನು ಎದುರಿಗಿಟ್ಟುಕೊಂಡು ಬಿಡಿಸಲು ಹೇಳುವುದು ಇದಕ್ಕೇ. ಸೀನಿಯರ್ ಒಬ್ಬರ ರೆಕಾರ್ಡ್ ನೋಡಿ ಬಿಡಿಸಿದರೆ ಅವರ ತಪ್ಪೂ ನಿಮ್ಮ ಪುಸ್ತಕಕ್ಕೆ ಬರುತ್ತದೆ.

ನಕಲಿನ ಈ ಕಾಟ ತುಂಬಾ ಹಳೆಯದು. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಲೇಖಕ ಪ್ಲಿನಿ ಇದನ್ನು ಹೇಳಿಬಿಟ್ಟಿದ್ದಾನೆ. ಗ್ರೀಕ್ ವೈದ್ಯರು ಔಷಧಿ ಗಿಡಗಳ ಬಣ್ಣದ ಚಿತ್ರ ಮಾಡಿಸಿದ್ದರು. ಆದರೆ ಒಬ್ಬರಿಂದೊಬ್ಬರು ನಕಲು ಮಾಡುತ್ತ ಹೋದ ಹಾಗೆ ಚಿತ್ರ ಕೆಟ್ಟುಹೋಗುತ್ತದೆ ಅಂತ ಅವನ ದೂರು. ಕೈಯಿಂದಲೇ ನಕಲು ಮಾಡಬೇಕಾದ ಕಾಲದಲ್ಲಿ ನೂರು ವರ್ಷ ದಾಟುವಷ್ಟರಲ್ಲಿ ಗಿಡದ ಗುರುತೇ ಸಿಗುತ್ತಿರಲಿಲ್ಲ. ಔಷಧಿ ವಿಷಯ ಬೇರೆ, ತಪ್ಪು ಗಿಡ ಕುಟ್ಟಿ ಕುಡಿಸಿದರೆ ಜೀವಕ್ಕೇ ಅಪಾಯ. ಮರದ ಅಚ್ಚು ಬಂದ ಮೇಲೆ ಮೊದಲ ಸಲ ಒಂದೇ ಚಿತ್ರ ಸಾವಿರ ಜನರ ಕೈಗೆ ಒಂದೇ ಥರ ಸಿಕ್ಕಿತು. ವಿಜ್ಞಾನಕ್ಕೆ ಇದರಿಂದ ಆದ ಲಾಭ ಸಣ್ಣದಲ್ಲ. ಬೇರೆ ಬೇರೆ ಊರಿನ ಇಬ್ಬರು ಒಂದೇ ಚಿತ್ರದ ಮುಂದೆ ಕೂತು ‘ಇದು ನಮ್ಮ ಕಡೆಯ ಗಿಡ ಹೌದೋ ಅಲ್ಲವೋ’ ಅಂತ ಚರ್ಚೆ ಮಾಡಬಹುದಾಯಿತು.

ಈಗ ಶೇಡಿಂಗ್ ವಿಷಯ. ನಿಮ್ಮ ಸರ್ ಎಳೆದ ಆ ಕೆಂಪು ಗೀಟಿಗೆ ಐನೂರು ವರ್ಷದ ಹತ್ತಿರದ ಇತಿಹಾಸ ಇದೆ. 1530ರಲ್ಲಿ ಒಟ್ಟೊ ಬ್ರುನ್‌ಫೆಲ್ಸ್ ಅನ್ನುವವರ ಗಿಡಗಳ ಪುಸ್ತಕಕ್ಕೆ ಹಾನ್ಸ್ ವೈಡಿಟ್ಜ್ ಚಿತ್ರ ಬಿಡಿಸಿದರು. ವೈಡಿಟ್ಜ್ ಅವರದು ಎಂಥ ಕಣ್ಣು ಅಂದರೆ ಎದುರಿಗಿದ್ದ ಗಿಡ ಹೇಗಿತ್ತೋ ಹಾಗೇ ಬರುತ್ತಿತ್ತು. ಎಲೆ ಬಾಡಿದ್ದರೆ ಬಾಡಿದ ಎಲೆ. ದಂಟು ಮುರಿದಿದ್ದರೆ ಮುರಿದ ದಂಟು. ಅಂದರೆ ಆ ಚಿತ್ರಗಳು ನಿಮ್ಮ ಫೋನಿನ ಕೆಲಸ ಮಾಡಿದ್ದವು. ಹನ್ನೆರಡು ವರ್ಷ ಆದಮೇಲೆ, 1542ರಲ್ಲಿ, ವೈದ್ಯ ಲಿಯೋನ್‌ಹಾರ್ಟ್ ಫುಕ್ಸ್ ಬೇರೆ ದಾರಿ ಹಿಡಿದರು. ಅವರ ಪುಸ್ತಕದಲ್ಲಿ ಸುಮಾರು 500 ಗಿಡಗಳ ಚಿತ್ರಗಳಿವೆ. ಒಂದೇ ಗಿಡದಲ್ಲಿ ಬೇರು, ಮೊಗ್ಗು, ಹೂವು, ಕಾಯಿ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಹೊಲದಲ್ಲಿ ಯಾವ ದಿನ ಹೋದರೂ ಇವೆಲ್ಲ ಒಟ್ಟಿಗೆ ಸಿಗುವುದು ಕಷ್ಟ. ಇಡೀ ವರ್ಷವನ್ನು ಒಂದು ಹಾಳೆಯಲ್ಲಿ ಕೂಡಿಸಿದ ಹಾಗೆ. ಮುನ್ನುಡಿಯಲ್ಲಿ ಫುಕ್ಸ್ ಸ್ಪಷ್ಟವಾಗಿ ಹೇಳುತ್ತಾರೆ: ನೆರಳು ಕೊಟ್ಟು ಗಿಡದ ನಿಜವಾದ ಆಕಾರ ಮರೆಯಾಗುವುದು ಬೇಡ ಅಂತ ಬೇಕೆಂದೇ ಶೇಡಿಂಗ್ ಕೈಬಿಟ್ಟಿದ್ದೇವೆ, ಚಿತ್ರಕಾರರು ಹೆಸರು ಗಳಿಸಲು ಅಂಥದ್ದನ್ನು ಮಾಡುವುದುಂಟು, ಅದಕ್ಕೆ ನಾವು ಅವಕಾಶ ಕೊಡಲಿಲ್ಲ.

ಇಷ್ಟು ಬಿಗಿ ಮಾಡಿದ ಅದೇ ಫುಕ್ಸ್, ಪುಸ್ತಕದ ಕೊನೆಗೆ ಮೂವರು ಕೆಲಸಗಾರರ ಭಾವಚಿತ್ರ ಹಾಕಿಸಿದರು. ಗಿಡ ನೋಡಿ ಬಿಡಿಸಿದ ಆಲ್ಬ್ರೆಕ್ಟ್ ಮೇಯರ್, ಅದನ್ನು ಮರದ ಹಲಗೆಗೆ ಇಳಿಸಿದ ಹೈನ್ರಿಶ್ ಫ್ಯೂಲ್‌ಮೌರರ್, ಹಲಗೆ ಕೆತ್ತಿದ ಫೈಟ್ ರುಡಾಲ್ಫ್ ಸ್ಪೆಕ್ಲ್. ಚಿತ್ರಕಾರರ ಹೆಸರನ್ನೇ ಹೇಳದಿದ್ದ ಕಾಲದಲ್ಲಿ ಮುಖ ಸಮೇತ ತೋರಿಸಿದರು. ಆ ಪುಟ ನನಗೆ ತುಂಬಾ ಇಷ್ಟ.

ಶೇಡಿಂಗ್ ಯಾವತ್ತೂ ತಪ್ಪು ಅಂತ ಮಾತ್ರ ತಿಳಿಯಬೇಡಿ. 1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬಿಡಿಸಿದರು. ಗಣಿತದಲ್ಲಿ ದೊಡ್ಡ ತಲೆ ಅವರದು. ಆದರೆ ಚಿತ್ರದಲ್ಲಿ ಒಂದು ಅಂಕುಡೊಂಕು ಗೆರೆ, ಒಂದಷ್ಟು ಕಪ್ಪು ಕಲೆ, ಅಷ್ಟೇ. ಕೆಲವು ತಿಂಗಳಲ್ಲಿ ಗೆಲಿಲಿಯೊ ಅದೇ ಚಂದ್ರನನ್ನು ನೋಡಿದರು. ಬೆಳಕು ಮತ್ತು ಕತ್ತಲಿನ ಗಡಿಯ ಆಚೆ, ಕತ್ತಲಲ್ಲಿ, ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳು ಕಂಡವು. ಗೆಲಿಲಿಯೊ ಚಿತ್ರಕಲೆ ಕಲಿತಿದ್ದವರು. ನೆರಳು ಹೇಗೆ ಬೀಳುತ್ತದೆ ಅಂತ ಕೈಗೆ ಗೊತ್ತಿತ್ತು. ಅದು ಸೂರ್ಯನ ಬೆಳಕು ಮೊದಲು ತಾಗುವ ಬೆಟ್ಟದ ತುದಿ ಅಂತ ಅವರಿಗೆ ಹೊಳೆಯಿತು. 1610ರಲ್ಲಿ ಅವರ ಪುಸ್ತಕ ಬಂತು. ಅದಾದ ಮೇಲೆ ಹ್ಯಾರಿಯಟ್ ಬಿಡಿಸಿದ ಚಂದ್ರನಲ್ಲೂ ಗುಂಡಿಗಳು ಕಾಣಿಸಿಕೊಂಡವು. ಕಣ್ಣು ಅದೇ, ಚಂದ್ರನೂ ಅದೇ. ಚಂದ್ರನ ವಿಷಯದಲ್ಲಿ ನೆರಳೇ ಸಾಕ್ಷಿ. ತೊಗರಿ ಹೂವಿನಲ್ಲಿ ನೆರಳು ಸಾಕ್ಷಿ ಅಲ್ಲ, ಎಸಳಿನ ಅಂಚೇ ಸಾಕ್ಷಿ. ನೀವು ಕೊಟ್ಟ ಶೇಡಿಂಗ್ ಆ ಅಂಚನ್ನು ನುಂಗಿರಬೇಕು. ಆ ಗೀಟು ಬಿದ್ದದ್ದು ಅದಕ್ಕೆ ಅಂತ ನನ್ನ ಊಹೆ.

ಮರದ ಅಚ್ಚಿಗೆ ಒಂದು ಮಿತಿ ಇತ್ತು. ಅದರಲ್ಲಿ ಗೆರೆ ಉಬ್ಬಿ ನಿಲ್ಲಬೇಕು, ಸುತ್ತಲಿನ ಮರವನ್ನು ಕೆತ್ತಿ ತೆಗೆಯಬೇಕು. ಕೂದಲಿನಷ್ಟು ಸಣ್ಣ ಗೆರೆ ಮಾಡಲು ಹೋದರೆ ಮುರಿದುಹೋಗುತ್ತದೆ. ತಾಮ್ರದ ಫಲಕ ಇದನ್ನು ತಲೆಕೆಳಗು ಮಾಡಿತು. ಅಲ್ಲಿ ಗೆರೆ ತಗ್ಗಿನಲ್ಲಿರುತ್ತದೆ. ಇದನ್ನು ನಾನು ಪಾಠದಲ್ಲಿ ಹೇಳುವಾಗ ಹುಡುಗರಿಗೆ ‘ಒಮ್ಮೆ ಬೀದರಿಗೆ ಹೋಗಿ ಬಿದ್ರಿ ಮಾಡುವವರ ಹತ್ತಿರ ಅರ್ಧ ದಿನ ಕೂತು ಬನ್ನಿ’ ಅಂತಿದ್ದೆ. ಈಗ ನಿಮಗೂ ಅದನ್ನೇ ಹೇಳುತ್ತೇನೆ.

ಬಿದ್ರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನುಣುಪು ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ, ಮೈ ಕಪ್ಪಾಗುತ್ತದೆ. ಅದು ಕೊನೆಯ ಕಪ್ಪಲ್ಲ. ಗೀಚಿದ ಗೆರೆ ಎದ್ದು ಕಾಣಲಿ ಅಂತ ಮಾಡುವ ತಾತ್ಕಾಲಿಕ ಕಪ್ಪು. ಕುಶಲಕರ್ಮಿ ಚೂಪಾದ ಸಲಾಕೆ ಹಿಡಿದು ಬಳ್ಳಿ, ಎಲೆ, ಹೂವು ಗೀಚುತ್ತಾರೆ. ಗೆರೆ ಕೂತ ಮೇಲೆ ಸಣ್ಣ ಉಳಿಯಿಂದ ಅದರ ಮೇಲೇ ಕೊರೆಯುತ್ತಾ ಹೋಗುತ್ತಾರೆ. ಉಳಿಯ ಮುಂದೆ ಲೋಹದ ಸುರುಳಿ ಏಳುತ್ತದೆ, ಅದನ್ನು ಊದಿ ಹಾರಿಸುತ್ತಾರೆ. ಆ ತಗ್ಗಿಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಕೊನೆಗೆ ಉಜ್ಜಿ, ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದರೆ ಮೈಯೆಲ್ಲ ಕಾಡಿಗೆ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ತಾಮ್ರದ ಫಲಕದಲ್ಲೂ ಕೈಯ ಕೆಲಸ ಇದೇ. ಚೂಪಾದ ಉಕ್ಕಿನ ಉಳಿ, ತಗ್ಗಿನ ಗೆರೆ, ಏಳುವ ಸುರುಳಿ. ವ್ಯತ್ಯಾಸ ಇಷ್ಟೇ: ಬೀದರಿನಲ್ಲಿ ಆ ತಗ್ಗಿಗೆ ಬೆಳ್ಳಿ ಹೋಗುತ್ತದೆ, ಯುರೋಪಿನ ಅಚ್ಚುಮನೆಯಲ್ಲಿ ಶಾಯಿ ಹೋಗುತ್ತಿತ್ತು. ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು, ಉರುಳೆಗಳ ನಡುವೆ ಒತ್ತಿದರೆ ತಗ್ಗಿನ ಶಾಯಿ ಕಾಗದಕ್ಕೆ ಬರುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಮೈಕ್ರೋಸ್ಕೋಪಿನಲ್ಲಿ ನೋಡಿದ ಚಿಗಟವನ್ನು ಮಡಚಿದ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿದ್ದು ಹೀಗೆ. ಅದರ ಕಾಲಿನ ಒಂದೊಂದು ರೋಮವೂ ಕಾಣುತ್ತದೆ. ಮರದ ಅಚ್ಚಿನಲ್ಲಿ ಅದು ಆಗುತ್ತಲೇ ಇರಲಿಲ್ಲ.

ಅಚ್ಚಿನಲ್ಲಿ ಒಂದು ಮೋಸವೂ ಇದೆ. ಚಿತ್ರ ಎಡಬಲ ಬದಲಾಗಿ ಮೂಡುತ್ತದೆ. 1650ರಲ್ಲಿ ರೆಂಬ್ರಾಂಟ್ ಒಂದು ಚಂದದ ಶಂಖವನ್ನು ತಾಮ್ರದ ಮೇಲೆ ಕಂಡ ಹಾಗೇ ಬಿಡಿಸಿದರು. ಅಚ್ಚಾದಾಗ ಸುರುಳಿ ಉಲ್ಟಾ ತಿರುಗಿತ್ತು. ಕಲೆಯಾಗಿ ಅದಕ್ಕೆ ಏನೂ ಕಮ್ಮಿ ಇಲ್ಲ. ವಿಜ್ಞಾನಿಗೆ ಮಾತ್ರ ಸುರುಳಿಯ ದಿಕ್ಕು ಒಂದು ಗುರುತು, ಅದು ತಪ್ಪಾದರೆ ಬೇರೆ ಪ್ರಾಣಿಯೇ ಆದೀತು. ಬಿದ್ರಿ ಹೂಜಿಯ ಮೇಲಿನ ಹೂವಿಗೆ ಎಷ್ಟು ಕೇಸರ ಇವೆ ಅಂತ ಯಾರೂ ಎಣಿಸುವುದಿಲ್ಲ, ಎಣಿಸಲೂ ಬಾರದು. ಅದರ ಕೆಲಸ ಹೂಜಿಯ ಹೊಟ್ಟೆಯ ಸುತ್ತ ಹಬ್ಬಿ ನಿಲ್ಲುವುದು. ನಿಮ್ಮ ರೆಕಾರ್ಡಿನ ಹೂವಿಗೆ ಕೇಸರ ಎಣಿಸಲೇಬೇಕು. ಎರಡಕ್ಕೂ ಬೇಕಾದ ಕೈ ಒಂದೇ.

ತಾಮ್ರದ ಫಲಕದ ಕಾಲದಲ್ಲಿ ನನಗೆ ಎಲ್ಲರಿಗಿಂತ ಹತ್ತಿರ ಅನಿಸುವವರು ಮರಿಯಾ ಸಿಬಿಲ್ಲಾ ಮೆರಿಯನ್. 1647ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದರು. ಹದಿಮೂರನೇ ವಯಸ್ಸಿಗೆ ರೇಷ್ಮೆಹುಳ ಸಾಕಿ, ಅದು ಬದಲಾಗುವುದನ್ನು ನೋಡುತ್ತ ಕೂತರು. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆ ಅಂತ ಓದಿದವರೂ ನಂಬಿದ್ದ ಕಾಲ ಅದು. 1699ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ, ಚಿಕ್ಕ ಮಗಳು ಡೊರೊಥಿಯಾಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದರು. ಎರಡು ವರ್ಷ ಅಲ್ಲಿನ ಕಾಡಿನ ಹುಳುಗಳನ್ನು ಸಾಕಿದರು, ಬಿಡಿಸಿದರು. ಕಾಯಿಲೆ ಬಿದ್ದು 1701ರಲ್ಲಿ ವಾಪಸ್ ಬಂದರು. 1705ರಲ್ಲಿ 60 ಫಲಕಗಳ ಪುಸ್ತಕ ತಂದರು. ಒಂದೊಂದು ಹಾಳೆಯಲ್ಲೂ ಒಂದು ಗಿಡ, ಅದೇ ಗಿಡದ ಮೇಲೆ ಮೊಟ್ಟೆ, ಹುಳ, ಕೋಶ, ಚಿಟ್ಟೆ, ಮತ್ತು ಹುಳ ತಿಂದು ತೂತಾದ ಎಲೆ. ಯಾವ ಹುಳ ಯಾವ ಗಿಡ ತಿನ್ನುತ್ತದೆ ಅನ್ನುವುದು ಅಲ್ಲೇ ಕಾಣುತ್ತದೆ.

ಇದು ಎಂಥ ದೊಡ್ಡ ಸಾಧನೆ ಅಂತ ತಿಳಿಯಲು ನಮ್ಮ ತೊಗರಿ ಹೊಲಕ್ಕೇ ಹೋಗೋಣ. ಕಾಯಿಕೊರಕ ಹುಳ ನಿಮಗೆ ಹೊಸದಲ್ಲ. ನಮ್ಮ ರೈತರು ಗಿಡ ಅಲುಗಾಡಿಸಿ, ಕೆಳಗೆ ಬಟ್ಟೆಯೋ ಚೀಲವೋ ಹಾಸಿ ಬೀಳಿಸುವ ಅದೇ ಹುಳ. ಒಂದು ವರ್ಷ ಹೂಬಿಡುವ ಕಾಲದಲ್ಲಿ ನಾನು ಒಂದೇ ಸಾಲಿನಿಂದ ಮೂರು ಹುಳ ಹಿಡಿದು ತಂದು ಬಿಡಿಸಲು ಕೂತೆ. ಒಂದು ಎಳೆ ಹಸಿರು. ಒಂದು ಮಣ್ಣು ಕಂದು. ಇನ್ನೊಂದಕ್ಕೆ ಗುಲಾಬಿಯ ಛಾಯೆ. ಮೂರೂ ಬೇರೆ ಬೇರೆ ಹುಳ ಅಂತ ಪಕ್ಕದ ಹೊಲದವರು ವಾದ ಮಾಡಿದರು. ಬಣ್ಣ ಬಿಟ್ಟು ಬರೀ ಗೆರೆಯಲ್ಲಿ ಬಿಡಿಸಿದಾಗ ಮೂರೂ ಒಂದೇ ಆದವು. ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಅದೇ ಪಟ್ಟಿ, ಅದೇ ವಿರಳ ರೋಮ. ಕಾಯಿ ಕೊರೆದು ತಲೆಯನ್ನು ಒಳಗೆ ಹಾಕಿ, ಅರ್ಧ ಮೈ ಹೊರಗೆ ಬಿಟ್ಟು ತಿನ್ನುವ ರೀತಿಯೂ ಅದೇ. ಆಮೇಲೆ ಅದು ಮಣ್ಣಿಗಿಳಿದು ಕೋಶವಾಗುತ್ತದೆ. ಅಲ್ಲಿಂದ ಬರುವ ಪತಂಗ ಹಗಲು ಕಣ್ಣಿಗೆ ಬೀಳುವುದೇ ಅಪರೂಪ. ಅದರ ಮುಂದಿನ ರೆಕ್ಕೆಯ ಮೇಲೆ ಮೂತ್ರಪಿಂಡದ ಆಕಾರದ ಒಂದು ಮಚ್ಚೆ ಇರುತ್ತದೆ. ಮೊಟ್ಟೆ ಮೊಗ್ಗಿನ ಮೇಲೆ, ಹುಳ ಕಾಯಲ್ಲಿ, ಕೋಶ ಮಣ್ಣಲ್ಲಿ, ಪತಂಗ ರಾತ್ರಿಯಲ್ಲಿ. ಇವೆಲ್ಲ ಒಂದೇ ಜೀವ ಅಂತ ಒಂದು ಹಾಳೆ ಹೇಳಬಲ್ಲದು. ಯಾವ ಒಂದು ಫೋಟೊನೂ ಹೇಳಲಾರದು. ಯಾಕಂದರೆ ಆ ನಾಲ್ಕು ಎಂದೂ ಒಂದೇ ಕ್ಷಣದಲ್ಲಿ, ಒಂದೇ ಜಾಗದಲ್ಲಿ ಇರುವುದಿಲ್ಲ.

ಇದೆಲ್ಲ ಯುರೋಪಿನ ಕಥೆ ಮಾತ್ರ ಅಂತ ತಿಳಿಯಬೇಡಿ. 1612ರಲ್ಲಿ ಗೋವಾದಿಂದ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ಟರ್ಕಿ ಕೋಳಿಯಂಥ ವಿಚಿತ್ರ ಪ್ರಾಣಿಗಳು ಬಂದವು. ತನ್ನ ಮುತ್ತಜ್ಜ ಬಾಬರ್ ಪ್ರಾಣಿಗಳ ಬಗ್ಗೆ ಬರೆದರೂ ಚಿತ್ರ ಮಾಡಿಸಲಿಲ್ಲ, ನಾನು ಮಾಡಿಸುತ್ತೇನೆ ಅಂತ ಅವನು ತನ್ನ ದಿನಚರಿಯಲ್ಲೇ ಬರೆದುಕೊಂಡ. ಅವನ ಚಿತ್ರಕಾರ ಉಸ್ತಾದ್ ಮನ್ಸೂರ್ ಬಿಡಿಸಿದ ಹಕ್ಕಿಗಳನ್ನು ಇವತ್ತಿಗೂ ಜಾತಿ ಸಮೇತ ಗುರುತಿಸಬಹುದು. ಈಗ ಭೂಮಿಯ ಮೇಲೆ ಇಲ್ಲದ ಡೋಡೊ ಹಕ್ಕಿಯ ಒಂದು ಬಣ್ಣದ ಚಿತ್ರವೂ ಅವರದೇ ಅಂತ ಹೇಳುತ್ತಾರೆ. ಅದು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ.

ತೊಗರಿಗೂ ಒಂದು ಹಳೆ ಚಿತ್ರ ಇದೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಗಳ ಮೇಲೆ ‘ಹೋರ್ಟಸ್ ಮಲಬಾರಿಕಸ್’ ಮಾಡಿಸಿದರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚಾದವು. ಗಿಡಗಳ ಗುಣ ಹೇಳಿದವರು ನಮ್ಮ ವೈದ್ಯರು: ಇಟ್ಟಿ ಅಚ್ಯುತನ್, ಮತ್ತು ಕೊಂಕಣಿ ಮಾತಿನ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಅದರಲ್ಲಿ ತೊಗರಿ ‘ತೋರ ಪಯರು’ ಅನ್ನುವ ಹೆಸರಿನಲ್ಲಿದೆ. ‘ತೂರ್’ ಅಂತ ಕೇಳಿಸುತ್ತದೆ ಅಲ್ವಾ? 1753ರಲ್ಲಿ ಗಿಡಗಳಿಗೆ ಎರಡು ಪದದ ಹೆಸರು ಕೊಟ್ಟ ಲಿನಿಯಸ್ ಭಾರತಕ್ಕೆ ಬಂದವರೇ ಅಲ್ಲ. ನಮ್ಮ ಎಷ್ಟೋ ಗಿಡಗಳನ್ನು ಅವರು ಈ ಪುಸ್ತಕದ ಚಿತ್ರಗಳಲ್ಲೇ ಕಂಡದ್ದು. ಕೆಲವು ಗಿಡಗಳಿಗಂತೂ ಈಗಲೂ ಆ ಚಿತ್ರವೇ ಮೂಲ ಸಾಕ್ಷಿ. ಒಣಗಿಸಿದ ಮಾದರಿ ಇಲ್ಲ. ಹೆಸರಿನ ಬಗ್ಗೆ ಜಗಳ ಬಂದರೆ ಸಸ್ಯಶಾಸ್ತ್ರಜ್ಞರು ಆ ಹಾಳೆಯನ್ನೇ ತೆರೆದು ನೋಡುತ್ತಾರೆ.

ಕಂಪನಿ ಕಾಲದಲ್ಲಿ ಇಂಥ ಕೆಲಸ ಮಾಡಿದ ಭಾರತೀಯ ಚಿತ್ರಕಾರರಲ್ಲಿ ತುಂಬಾ ಜನರ ಹೆಸರು ಉಳಿದಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರಿಗೆ ಬಿಡಿಸಿಕೊಟ್ಟ ರಂಗಯ್ಯ, ಗೋವಿಂದು ಇಬ್ಬರ ಹೆಸರು ಉಳಿದಿದೆ. 1838ರಿಂದ 1853ರವರೆಗೆ ಬಂದ ವೈಟ್ ಅವರ ಸಂಪುಟಗಳಲ್ಲಿ 2,100ಕ್ಕೂ ಹೆಚ್ಚು ಫಲಕಗಳಿವೆ. ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದು ಹೆಸರನ್ನೇ ಇಟ್ಟರು.

ಈಗ ನಿಮ್ಮ ಜಿಲ್ಲೆ. ಸುರಪುರದ ಟೇಲರ್ ಮಂಜಿಲ್ ನೋಡಿದ್ದೀರಾ? 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಇದ್ದ ಮನೆ ಅದು. ಅವರನ್ನು ಜನ ಕಾದಂಬರಿಕಾರ ಅಂತ ನೆನೆಯುತ್ತಾರೆ. ನನಗೆ ಅವರ ಚಿತ್ರಗಳು ಮುಖ್ಯ. ಶಹಾಪುರ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ನಿಲ್ಲಿಸಿದ ಬಂಡೆಗಳು, ರಾಜನಕೋಳೂರಿನ ಕಲ್ಲುಮನೆಗಳು, ಜೇವರ್ಗಿಯ ಕಲ್ಲುಗುಡ್ಡೆ ಸಮಾಧಿಗಳು, ಇವನ್ನೆಲ್ಲ ಅವರು ಅಳೆದು ಬಿಡಿಸಿದರು. ಜೇವರ್ಗಿಯಲ್ಲಿ ಅಗೆದಾಗ ಅವರು ಮಾಡಿದ ಒಂದು ಕೆಲಸ ಆ ಕಾಲಕ್ಕೆ ಅಪರೂಪ. ಸಮಾಧಿಯಲ್ಲಿ ಸಿಕ್ಕ ಮಡಕೆಯನ್ನು ಮಾತ್ರ ಬಿಡಿಸಿ ಸುಮ್ನೆ ಆಗಲಿಲ್ಲ. ಇಡೀ ಗುಡ್ಡೆಯನ್ನು ಹಣ್ಣು ಹೋಳು ಮಾಡಿದ ಹಾಗೆ ಸೀಳಿ, ಅದರ ನೀಳ ಸೀಳಿಕೆ ಬಿಡಿಸಿದರು. ಮೇಲೆ ಕಲ್ಲಿನ ಸುತ್ತು, ಕೆಳಗೆ ಮಣ್ಣಿನ ಪದರು, ಅದರ ಕೆಳಗೆ ಎಲುಬು, ಮಡಕೆ, ಯಾವುದು ಎಷ್ಟು ಆಳದಲ್ಲಿ ಅಂತ. ನೂರು ವರ್ಷದ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮನಸಾರೆ ಹೊಗಳಿದರು. ಹೂವಿನ ನೀಳ ಸೀಳಿಕೆ, ಹೃದಯದ ನೀಳ ಸೀಳಿಕೆ ಅಂತ ಎಸ್ಸೆಸ್ಸೆಲ್ಸಿಯಿಂದ ಬಿಡಿಸುತ್ತಾ ಬಂದಿದ್ದೀರಲ್ಲ, ಅದೇ ವಿದ್ಯೆ, ಜೇವರ್ಗಿಯ ನೆಲಕ್ಕೆ ಅನ್ವಯಿಸಿದ್ದು. ಆ ಗುಡ್ಡೆಯನ್ನು ಅಗೆದು ಮುಗಿಸಿದ ಮೇಲೆ ಉಳಿಯುವುದು ಆ ಚಿತ್ರವೊಂದೇ.

ಹುಣಸಗಿ ಕಣಿವೆಯ ಕಲ್ಲಿನ ಉಪಕರಣಗಳ ಮಾತೂ ಹೀಗೇ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗವನ್ನೇ ಅಗೆದು ತೋರಿಸಿದರು. ಅದು 10 ಲಕ್ಷ ವರ್ಷಕ್ಕೂ ಹಳೆಯದೆಂದು ಅಂದಾಜು. ಸವೆದ ಸುಣ್ಣಕಲ್ಲಿನ ಫೋಟೊ ನೋಡಿದರೆ ಬರೀ ಕಲ್ಲು ಕಾಣುತ್ತದೆ. ಪುರಾತತ್ವದವರ ಚಿತ್ರದಲ್ಲಿ ಪ್ರತಿ ಚಕ್ಕೆ ಎದ್ದ ಗುರುತಿನೊಳಗೆ ಬಾಗಿದ ಗೆರೆಗಳಿರುತ್ತವೆ. ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ. ಏಟು ಯಾವ ಕಡೆಯಿಂದ ಬಿತ್ತು ಅಂತ ಆ ಗೆರೆ ಹೇಳುತ್ತದೆ.

ಫೋಟೊ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ತೆಗೆದಿಟ್ಟುಕೊಳ್ಳಿ. ಹೂವು ಸಂಜೆಗೆ ಬಾಡುತ್ತದೆ, ಬಣ್ಣ ನೆನಪಿಡಲು ಫೋನು ಒಳ್ಳೆಯದು. ಆದರೆ ಅದು ಕಚ್ಚಾ ಸಾಮಾನು, ರೆಕಾರ್ಡ್ ಅಲ್ಲ.

ಮತ್ತೆ ಬಿಡಿಸುವಾಗ ಹೀಗೆ ಮಾಡಿ. ಒಂದೇ ಹೂವು ತರಬೇಡಿ, ಬೇರೆ ಬೇರೆ ಗಿಡದಿಂದ ಏಳೆಂಟು ತನ್ನಿ. ಗಟ್ಟಿ ಪೆನ್ಸಿಲ್ ತೆಗೆದುಕೊಳ್ಳಿ, ಮುಳ್ಳಿನಷ್ಟು ಚೂಪಿರಲಿ. ಗೆರೆ ಒಂದೇ ಸಲ ಎಳೆಯಿರಿ, ತಿದ್ದಿ ತೀಡಿ ದಪ್ಪ ಮಾಡಬೇಡಿ. ತಗ್ಗು ತೋರಿಸಲೇಬೇಕಾದರೆ ಚುಕ್ಕಿ ಇಡಿ. ಚುಕ್ಕಿಯ ರೂಢಿ ಬಂದದ್ದು ಕಪ್ಪು ಬಿಳುಪಿನ ಅಚ್ಚಿನಿಂದ. ಆ ಅಚ್ಚಿಗೆ ಬೂದು ಬಣ್ಣ ಬರುತ್ತಿರಲಿಲ್ಲ. ಚುಕ್ಕಿ ಒತ್ತೊತ್ತಾದರೆ ಕಣ್ಣಿಗೆ ಬೂದು ಅನಿಸುತ್ತದೆ, ಅಂಚಿನ ಗೆರೆಯೂ ಉಳಿಯುತ್ತದೆ. ಪಕ್ಕದಲ್ಲಿ ಅಳತೆಯ ಗೀಟು ಹಾಕಿ. ಮೊದಲು ಮೇಲಿನ ಅಗಲ ಎಸಳು, ಅಂದರೆ ಪತಾಕೆ. ಆಮೇಲೆ ಎರಡು ರೆಕ್ಕೆ. ಕೊನೆಗೆ ದೋಣಿಯಂಥ ಎಸಳನ್ನು ಸೂಜಿಯಿಂದ ಮೆಲ್ಲಗೆ ಬಿಡಿಸಿ ನೋಡಿ. ಒಳಗೆ ಹತ್ತು ಕೇಸರ ಇರುತ್ತವೆ. ಒಂಬತ್ತು ಕೂಡಿಕೊಂಡು ಕೊಳವೆ ಆಗಿರುತ್ತವೆ, ಹತ್ತನೆಯದು ಬೇರೆಯಾಗಿ ನಿಂತಿರುತ್ತದೆ. ಆ ಒಂಟಿ ಕೇಸರವನ್ನು ಏಳೆಂಟೂ ಹೂವಿನಲ್ಲಿ ನೀವೇ ಹುಡುಕಿದ ಮೇಲೆ ಬಿಡಿಸಿ, ಪುಸ್ತಕದಲ್ಲಿ ಹಾಗಿದೆ ಅಂತ ಬಿಡಿಸಬೇಡಿ.

ಇನ್ನೊಂದು ಮಾತು. ಪತಾಕೆಯ ಬೆನ್ನಿನ ಮೇಲೆ ಕೆಂಪು ಗೀರುಗಳಿದ್ದರೆ ಅವನ್ನು ಬಿಡಬೇಡಿ. ಅವು ನೆರಳಲ್ಲ, ಹೂವಿನದೇ ಗುರುತು. ಕೆಲವು ತಳಿಯಲ್ಲಿ ದಟ್ಟವಾಗಿರುತ್ತವೆ, ಕೆಲವದರಲ್ಲಿ ಇರುವುದೇ ಇಲ್ಲ. ನಿಮ್ಮ ಹೊಲದ ಹೂವಿನಲ್ಲಿ ಹೇಗಿವೆಯೋ ಹಾಗೆ ಗೆರೆ ಎಳೆಯಿರಿ, ತಳಿಯ ಹೆಸರು ಗೊತ್ತಿದ್ದರೆ ಕೆಳಗೆ ಬರೆಯಿರಿ. ಸರ್ ಅದನ್ನೂ ಶೇಡಿಂಗ್ ಅಂದರೆ, ಹೂವನ್ನೇ ತೆಗೆದುಕೊಂಡು ಹೋಗಿ ಲೆನ್ಸ್ ಕೆಳಗೆ ಇಟ್ಟು ತೋರಿಸಿ.